ಕುರಿಯ ಹೊಟ್ಟೆಯ ಹುಳು, ಮುತ್ತುಗದ ಬೀಜ

ನಲವತ್ತೊಂದನೆಯ ವಯಸ್ಸಿನಲ್ಲಿ ನಾನು ಪಿಎಚ್‌ಡಿಗೆ ಹೆಸರು ಹಚ್ಚಿದೆ. ಅಷ್ಟೊತ್ತಿಗೆ ಹಾವೇರಿಯ ಒಂದು ಪದವಿ ಕಾಲೇಜಿನಲ್ಲಿ ಹದಿನೈದು ವರ್ಷ ಪ್ರಾಣಿಶಾಸ್ತ್ರ ಪಾಠ ಮಾಡಿದ್ದೆ. ಬೆಳಿಗ್ಗೆ ರಾಣೆಬೆನ್ನೂರಿನಿಂದ ಬಸ್ಸು, ಸಂಜೆ ಮತ್ತೆ ಬಸ್ಸು. ಕಪ್ಪೆಯ ಹೃದಯಕ್ಕೆ ಎಷ್ಟು ಕೋಣೆ ಎಂದು ಹೇಳಿ ಹೇಳಿ ನನಗೇ ಬೇಸರ ಬಂದಿತ್ತು. ಊಟಕ್ಕೆ ಕುಳಿತಾಗ ಹುಳುಗಳ ಮಾತು ತೆಗೆಯಬಾರದು ಎಂಬ ಒಂದೇ ಷರತ್ತಿನ ಮೇಲೆ ಯಜಮಾನರು ಒಪ್ಪಿದರು.

ಹುಳು ಎಂದರೆ ಕುರಿಯ ಹೊಟ್ಟೆಯ ಹುಳು. ಕುರಿಗೆ ನಾಲ್ಕು ಹೊಟ್ಟೆಗಳಿವೆಯಲ್ಲ, ಇದು ಇರುವುದು ನಾಲ್ಕನೆಯದರಲ್ಲಿ. ಬೆರಳಿನ ಒಂದು ಗೆಣ್ಣಿನಷ್ಟು ಉದ್ದ. ಹೆಣ್ಣು ಹುಳುವಿನ ಮೈಯೊಳಗೆ ಕುಡಿದ ರಕ್ತದ ಕೆಂಪು ಗೆರೆಯೂ ತತ್ತಿ ತುಂಬಿದ ಬಿಳಿ ಗೆರೆಯೂ ಹೊಸೆದುಕೊಂಡಿರುತ್ತವೆ, ಎರಡು ಬಣ್ಣದ ದಾರವನ್ನು ಹುರಿ ಮಾಡಿದ ಹಾಗೆ. ಇವು ಬಹಳವಾದರೆ ಕುರಿ ರಕ್ತವಿಲ್ಲದೆ ಬಿಳಿಚಿಕೊಳ್ಳುತ್ತದೆ. ಗದ್ದದ ಕೆಳಗೆ ನೀರು ತುಂಬಿ ಬಾವು ಇಳಿಬೀಳುತ್ತದೆ, ಒಂದು ದಿನ ಕುರಿ ಏಳುವುದೇ ಇಲ್ಲ. ಇದಕ್ಕೆ ಅಂಗಡಿಯಲ್ಲಿ ಔಷಧಿ ಸಿಗುತ್ತದೆ. ಆದರೆ ಒಂದೇ ಔಷಧಿಯನ್ನು ಮತ್ತೆ ಮತ್ತೆ ಕೊಟ್ಟ ಕಡೆ ಹುಳುಗಳು ಅದಕ್ಕೆ ಜಗ್ಗದಂತಾಗುತ್ತವೆ. ಹಾಗಾಗಿ ಗಿಡಮರಗಳ ಸತ್ವದಲ್ಲಿ ಹುಳು ಕೊಲ್ಲುವ ಗುಣವಿದೆಯೇ ಎಂದು ನೋಡುವುದು ನನ್ನ ವಿಷಯವಾಯಿತು.

ಧಾರವಾಡದಲ್ಲಿ ನನ್ನ ಮಾರ್ಗದರ್ಶಕರು ಮೊದಲ ಭೇಟಿಯಲ್ಲೇ ಕೇಳಿದರು: "ಎಲ್ಲಾ ಛಲೋ ಐತಿ ಮೇಡಂ. ಆದ್ರ ಪ್ರಯೋಗಕ್ಕ ಜೀವಂತ ಹುಳ ಬೇಕಲ್ರಿ, ವಾರಕ್ಕೊಮ್ಮೆಯಾದ್ರೂ. ಎಲ್ಲಿಂದ ತರ್ತೀರಿ?"

ನಾನು ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿದೆ. ಆಮೇಲೆ ಹೇಳಿದೆ: "ನಮ್ಮ ತಂದೀದು ರಾಣೆಬೆನ್ನೂರಾಗ ಮಟನ್ ಅಂಗಡಿ ಐತ್ರಿ ಸರ್."

ಅದನ್ನು ನಾನು ಕಾಲೇಜಿನ ಯಾರೆದುರಿಗೂ ಹೇಳಿರಲಿಲ್ಲ. ಕೇಳಿದರೆ "ವ್ಯಾಪಾರ" ಎಂದು ಮುಗಿಸುತ್ತಿದ್ದೆ. ಸರ್ ಮಾತ್ರ ಕುರ್ಚಿಯಿಂದ ಅರ್ಧ ಎದ್ದರು. "ಅರೆ, ಇದನ್ನ ಮೊದಲ ಹೇಳಬಾರದೇನ್ರಿ! ನಿಮ್ಮಷ್ಟು ನಸೀಬ ಇದ್ದವರು ಯಾರದಾರ!" ಎಂದರು. ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಒಬ್ಬಳೇ ನಕ್ಕೆ.

ತಂದೆಗೆ, ನಮ್ಮ ಅಬ್ಬಾಗೆ, ಆಗ ಅರವತ್ತೆಂಟು. ಅಂಗಡಿಯ ಭಾರದ ಕೆಲಸಕ್ಕೆಲ್ಲ ಆಳುಗಳಿದ್ದರು. ಅವರು ಗಲ್ಲೆಯ ಹತ್ತಿರ ಕುಳಿತು ಗಿರಾಕಿಗಳ ಜೊತೆ ಮಾತಾಡುವುದೇ ಹೆಚ್ಚು. ನಾನು ವಿಷಯ ತಿಳಿಸಿದಾಗ ಅವರು ತಲೆಯ ಟೋಪಿ ತೆಗೆದು, ಮತ್ತೆ ಇಟ್ಟುಕೊಂಡು, "ನಾವು ಚೆಲ್ಲೂದನ್ನ ಹಿಡ್ಕೊಂಡು ಡಾಕ್ಟರ್ ಆಗ್ತಿ?" ಎಂದು ಕೇಳಿದರು. ಮನೆಯಲ್ಲಿ ನಾವು ಆಡುವುದು ಉರ್ದು. ಆದರೆ ಕುರಿಯ ವಿಷಯ ಬಂದರೆ ಅಬ್ಬಾ ಕನ್ನಡಕ್ಕೆ ಹೊರಳುತ್ತಾರೆ. ಕುರಿ ಆರಿಸುವುದು, ಚೌಕಾಸಿ ಮಾಡುವುದು, ಬೈಯುವುದು ಎಲ್ಲ ಅವರು ಕಲಿತದ್ದು ಸಂತೆಯ ಕನ್ನಡದಲ್ಲಿ.

ಭಾನುವಾರ ಬೆಳಿಗ್ಗೆ ನಾನು ಬೆಚ್ಚಗಿನ ಉಪ್ಪುನೀರು ತುಂಬಿದ ಫ್ಲಾಸ್ಕ್ ಹಿಡಿದು ಅಂಗಡಿಯ ಹಿಂದಿನ ಕಟ್ಟೆಗೆ ಹೋಗುತ್ತಿದ್ದೆ. ಅಬ್ಬಾ ನಾಲ್ಕನೆಯ ಹೊಟ್ಟೆಯನ್ನು ಬೇರೆ ಮಾಡಿಸಿ ತಾಟಿನಲ್ಲಿ ಇಟ್ಟಿರುತ್ತಿದ್ದರು. ಅದನ್ನು ಸೀಳಿ, ತೊಳೆದು, ಮೆತ್ತನೆಯ ಕುಂಚದಿಂದ ಹುಳುಗಳನ್ನು ಒಂದೊಂದಾಗಿ ಎತ್ತಬೇಕು. ಎಳೆದರೆ ಹರಿಯುತ್ತವೆ. ಫ್ಲಾಸ್ಕಿಗೆ ಹಾಕಿ, ಸಾಯುವ ಮುಂಚೆ ಹಾವೇರಿಯ ಲ್ಯಾಬಿಗೆ ಒಯ್ಯಬೇಕು. ಮೂರನೆಯ ವಾರಕ್ಕೆ ಅಬ್ಬಾ ಕನ್ನಡಕ ಹಾಕಿಕೊಂಡು, ಮಣೆಯ ಮೇಲೆ ಕುಳಿತು, ಆ ಕೆಲಸವನ್ನು ನನಗಿಂತ ನಾಜೂಕಾಗಿ ಮಾಡತೊಡಗಿದರು. ನನ್ನ ಕೈಯ ಕುಂಚ ನೋಡಿ "ಅದು ಬಿರುಸಾತು" ಎಂದು ಹೇಳಿ, ಕಣ್ಣಿಗೆ ಸುರ್ಮಾ ಹಚ್ಚುವ ಕಡ್ಡಿಗೆ ಹತ್ತಿ ಸುತ್ತಿ ತಮ್ಮದೇ ಒಂದು ಸಾಧನ ಮಾಡಿಕೊಂಡಿದ್ದರು.

ಹೀಗೆ ಮೂರು ನಾಲ್ಕು ತಿಂಗಳು ಕಳೆದಿರಬೇಕು. ಒಂದು ಭಾನುವಾರ ಅಬ್ಬಾ ಖಾಲಿ ತಾಟು ತೋರಿಸಿದರು.

"ಇವತ್ತಿನ ಕುರಿಯಾಗ ಏನೂ ಸಿಗಾಂಗಿಲ್ಲ ಬೇಟಾ. ಮೇಡ್ಲೇರಿ ಮುದುಕಿ ಹಿಂಡಿನ ಕುರಿ ಇವು."

"ಅಂದ್ರ?"

"ಆಕಿ ಕುರಿ ಬಂದಾಗೆಲ್ಲಾ ನೋಡಾಕತ್ತೇನಿ. ನಾಲ್ಕ ಹುಳ, ಐದು ಹುಳ. ಬ್ಯಾರೇದವರ ಕುರಿಯಾಗ ಮುಷ್ಟಿಗಟ್ಟಲೆ ಇರ್ತಾವ. ನೀನು ಹುಳ ಇದ್ದಲ್ಲಿ ಹುಡುಕಾಕತ್ತಿ. ಇಲ್ಲದ ಕಡೆ ಯಾಕ ಇಲ್ಲಾ ಅಂತ ಕೇಳಬೇಕಲ್ಲ?"

ನಾನು ಕುಂಚ ಕೆಳಗಿಟ್ಟು ಅವರ ಮುಖ ನೋಡಿದೆ. ಆವರೆಗೆ ನಾನು ಪುಸ್ತಕ ನೋಡಿ ಬೇವು, ಓಮ, ಪಪ್ಪಾಯಿ ಬೀಜ ಎಂದು ಪಟ್ಟಿ ಮಾಡಿಕೊಂಡು ಒಂದೊಂದನ್ನೇ ಪರೀಕ್ಷಿಸುತ್ತಿದ್ದೆ. ಹೇಳಿಕೊಳ್ಳುವಂಥದ್ದು ಏನೂ ಸಿಕ್ಕಿರಲಿಲ್ಲ.

ಮರುವಾರವೇ ಅಬ್ಬಾ ತಮ್ಮ ಹಳೆಯ ಸ್ಕೂಟರಿನ ಹಿಂದೆ ನನ್ನನ್ನು ಕೂರಿಸಿಕೊಂಡು ಮೇಡ್ಲೇರಿಗೆ ಹೊರಟರು. ಬೇಸಿಗೆ ಮುಗಿಯುತ್ತ ಬಂದಿತ್ತು. ಹೊಳೆಯ ಕಡೆಯ ಗದ್ದೆಗಳು ಹಸಿರಾಗಿದ್ದವು, ಕಾಲುವೆಯ ಈಚೆಗೆ ಕರಿನೆಲ ಬಾಯಿಬಿಟ್ಟಿತ್ತು. ಅಬ್ಬಾ ಹೇಳಿದ ಅಜ್ಜಿಯ ಹಟ್ಟಿ ಊರಾಚೆ, ಒಂದು ಬದುವಿನ ಪಕ್ಕ. ಅಜ್ಜಿ ಎತ್ತರದ ಆಳು, ಎಪ್ಪತ್ತು ದಾಟಿದ್ದರೂ ನೆಟ್ಟಗಿದ್ದರು. ಅಬ್ಬಾನನ್ನು ನೋಡಿದ ಕೂಡಲೇ, "ಏನ್ರಿ ಸಾಬ್ರ, ಸಂತಿಗೆ ಬರೂತನಾ ತಡೀಲಿಲ್ಲೇನು, ಮನೀಗೇ ಬಂದೀರಿ!" ಎಂದರು.

"ಕುರಿಗೆ ಬಂದಿಲ್ಲಕ್ಕಾ. ನನ್ನ ಮಗಳು ಸಾಲಿ ಕಲಿಯಾಕತ್ತಾಳ. ನಿನ್ನ ಹತ್ರ ಕಲೀಬೇಕಂತ."

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇಷ್ಟ ದೊಡ್ಡಾಕಿ ಆಗಿ ಇನ್ನೂ ಸಾಲಿ ಮುಗದಿಲ್ಲೇನವಾ?" ಎಂದು ಕೇಳಿದರು. ನಾನು ಇಲ್ಲವೆಂದು ತಲೆಯಾಡಿಸಿದೆ. ಮೂವರೂ ನಕ್ಕೆವು.

ಅಜ್ಜಿ ಒಂದು ಕುರಿಯನ್ನು ತೊಡೆಯ ನಡುವೆ ಹಿಡಿದು, ಹೆಬ್ಬೆರಳಿನಿಂದ ಅದರ ಕಣ್ಣಿನ ಕೆಳರೆಪ್ಪೆ ಜಗ್ಗಿ ಒಳಗಿನ ಬಣ್ಣ ತೋರಿಸಿದರು. ಕೆಂಪಗಿತ್ತು. ಪಕ್ಕದಲ್ಲೇ ಅಬ್ಬಾ ಇನ್ನೊಂದು ಕುರಿಯ ರೆಪ್ಪೆಯನ್ನು ಅದೇ ರೀತಿ ಜಗ್ಗಿ ನೋಡುತ್ತಿದ್ದರು. ಸಂತೆಯಲ್ಲಿ ಅವರು ಕುರಿ ಆರಿಸುತ್ತಿದ್ದದ್ದೂ ಹೀಗೆಯೇ. ರಕ್ತಹೀನತೆ ಅಳೆಯುವ ಈ ಕ್ರಮವನ್ನು ನಾನು ಇಂಗ್ಲಿಷಿನಲ್ಲಿ ಓದಿ, ಬಣ್ಣದ ಚೀಟಿ ತರಿಸಿಕೊಂಡಿದ್ದೆ.

"ಏನ್ ಹಾಕ್ತೀರಿ ಇವಕ್ಕ?" ಎಂದು ಕೇಳಿದೆ.

ಅಜ್ಜಿ ಬದುವಿನ ಕಡೆ ಕೈ ಮಾಡಿದರು. ಅಲ್ಲಿ ನಾಲ್ಕೈದು ಮುತ್ತುಗದ ಮರಗಳಿದ್ದವು. "ಮುತ್ತಲ ಬೀಜ. ನೆನಿಸಿ ಮ್ಯಾಲಿನ ಸಿಪ್ಪಿ ತಗದು, ಒಣಗಿಸಿ ಅರದು, ಮಜ್ಜಿಗ್ಯಾಗ ಕಲಸಿ ಗೊಟ್ಟದಾಗ ಹಾಕೂದು. ಮಳಿ ಮುಂದ ಒಮ್ಮೆ, ಮಳಿ ಹಿಂದ ಒಮ್ಮೆ."

"ಎಷ್ಟು?"

"ಕುರಿ ನೋಡಿ."

"ಅಂದಾಜಿಗೆ ಎಷ್ಟರೀ ಅಜ್ಜಿ?"

"ಕುರಿ ನೋಡಿ ಅಂದ್ನೆಲ್ಲವಾ. ಜಾಸ್ತಿ ಆದ್ರ ಉಚ್ಚಿಕೊಂಡು ಸಾಯ್ತೈತಿ. ಬಸರ ಕುರಿಗೆ ಮುಟ್ಟಸಾಂಗಿಲ್ಲ."

ಗೊಟ್ಟ ಎಂದರೆ ದನಕರುಗಳಿಗೆ ಔಷಧಿ ಕುಡಿಸುವ ಬಿದಿರಿನ ನಳಿಗೆ. ಅಜ್ಜಿಯದು ಬಳಸಿ ಬಳಸಿ ನುಣುಪಾಗಿ ಹೊಳೆಯುತ್ತಿತ್ತು. ಮುತ್ತುಗದ ಕಾಯಿಗಳು ಒಣಗಿ ಉದುರುವ ಕಾಲವದು. ಕಾಗದದಂಥ ಚಪ್ಪಟೆ ಕಾಯಿ, ತುದಿಯಲ್ಲಿ ಒಂದೇ ಒಂದು ಬೀಜ. ನಾವು ಒಂದು ಚೀಲ ತುಂಬಿಕೊಂಡು ಬಂದೆವು. ಈ ಬೀಜದೊಳಗಿನ ಹುಳು ಕೊಲ್ಲುವ ವಸ್ತುವನ್ನು ರಸಾಯನಶಾಸ್ತ್ರದವರು ಎಂದೋ ಬೇರ್ಪಡಿಸಿ ಹೆಸರಿಟ್ಟಿದ್ದಾರೆಂದು ನಾನು ಮನೆಗೆ ಬಂದು ಓದಿದೆ. ಆದರೆ ನಮ್ಮ ಕಡೆಯ ಮರದ ಬೀಜ ನಮ್ಮ ಕಡೆಯ ಕುರಿಯ ಹುಳುವಿನ ಮೇಲೆ ಎಷ್ಟು ಕೆಲಸ ಮಾಡುತ್ತದೆ ಎಂದು ಯಾರೂ ಬರೆದದ್ದು ನನಗೆ ಸಿಗಲಿಲ್ಲ.

ಬೀಜ ನೆನೆಸಿದೆ, ಸಿಪ್ಪೆ ಬಿಡಿಸಿದೆ, ನೆರಳಲ್ಲಿ ಒಣಗಿಸಿದೆ. ಪುಡಿ ಮಾಡಲು ಮನೆಯ ಮಿಕ್ಸಿಗೆ ಹಾಕೋಣವೆಂದರೆ ಯಜಮಾನರು ಮಿಕ್ಸಿಯನ್ನು ಎತ್ತಿ ಕಪಾಟಿನಲ್ಲಿಟ್ಟರು. ಅಬ್ಬಾನ ತಂಗಿ, ನಮ್ಮ ಫುಪ್ಪು, ಇರುವುದು ಬ್ಯಾಡಗಿಯಲ್ಲಿ. ಖಾರ ಕುಟ್ಟುವ ಸಣ್ಣ ಗಿರಣಿ ನಡೆಸುತ್ತಾಳೆ. ಮೆಣಸಿನಕಾಯಿ ಪೇಟೆಯಲ್ಲೇ ಬೆಳೆದವಳು. ಅವಳ ಬಾಯಲ್ಲಿ ಉರ್ದು ಕನ್ನಡ ಎರಡೂ ಕಲಸಿಹೋಗಿವೆ. ಬೀಜ ಕಳಿಸಿಕೊಟ್ಟೆ. ಎರಡು ದಿನಕ್ಕೆ ಮೈದಾ ಹಿಟ್ಟಿನಷ್ಟು ನುಣ್ಣಗಿನ ಪುಡಿ ಬಂತು.

ಅದನ್ನು ಕಾಲೇಜಿನ ಲ್ಯಾಬಿನಲ್ಲಿ ಮದ್ಯಸಾರದಲ್ಲಿ ನೆನೆಹಾಕಿ, ಸೋಸಿ, ಆರಿಸಿದೆ. ತಳದಲ್ಲಿ ಚಂದದ ಕೆಂಪು ಗಸಿ ಉಳಿಯಿತು. ಮುತ್ತುಗದ ಹೂವಿನಿಂದ ಕೇಸರಿ ಬಣ್ಣ ತೆಗೆಯುತ್ತಾರಲ್ಲ, ಬೀಜದಲ್ಲೂ ಅದೇ ಇರಬೇಕೆಂದುಕೊಂಡೆ. ಒಂದು ಗಾಜಿನ ತಟ್ಟೆಯಲ್ಲಿ ಬರೀ ಉಪ್ಪುನೀರು, ಇನ್ನೊಂದರಲ್ಲಿ ಅಂಗಡಿಯ ಔಷಧಿ, ಮೂರನೆಯದರಲ್ಲಿ ನನ್ನ ಕೆಂಪು ಸತ್ವ. ಮೂರಕ್ಕೂ ಹುಳುಗಳನ್ನು ಬಿಟ್ಟೆ. ಮೂರನೆಯ ತಟ್ಟೆಯ ಹುಳುಗಳು ಹುಚ್ಚೆದ್ದಂತೆ ಹೊರಳಾಡಿ, ಚಹಾ ಕುಡಿದು ಬರುವುದರೊಳಗೆ ನೆಟ್ಟಗಾಗಿ ಮಲಗಿದವು. ಬೆಚ್ಚಗಿನ ನೀರಿಗೆ ಹಾಕಿದರೂ ಮಿಸುಕಲಿಲ್ಲ. ಅಂಗಡಿಯ ಔಷಧಿಯ ತಟ್ಟೆಯಲ್ಲಿ ಹುಳುಗಳು ಇನ್ನೂ ಓಡಾಡುತ್ತಿದ್ದವು. ನಾನು ಮೂರು ಸಲ ಮಾಡಿ ನೋಡಿ, ಸರ್‌ಗೆ ಫೋನ್ ಮಾಡಿದೆ. ಅವರೂ ಖುಷಿಯಾದರು. ಮನೆಗೆ ಪೇಡೆ ತಂದೆ.

ಆ ಶುಕ್ರವಾರ ಫುಪ್ಪುವಿಗೂ ಪೇಡೆ ಕೊಡೋಣವೆಂದು ಬ್ಯಾಡಗಿಗೆ ಹೋದೆ. ಅವಳಿಗೆ ತೋರಿಸಲು ಪುಟ್ಟ ಸೀಸೆಯಲ್ಲಿ ಸತ್ವವನ್ನೂ ಒಯ್ದಿದ್ದೆ. ಫುಪ್ಪು ಸೀಸೆಯನ್ನು ಬೆಳಕಿಗೆ ಹಿಡಿದಳು. ಬಿರಡೆ ತೆಗೆದು ಬೆರಳಿಗೆ ಒಂದಿಷ್ಟು ಹಚ್ಚಿಕೊಂಡು ತಿಕ್ಕಿದಳು. ಆಮೇಲೆ ನನ್ನ ಮುಖ ನೋಡಿದಳು.

"ಬೇಟಾ, ಇದು ನಮ್ಮ ಬ್ಯಾಡಗಿ ಕೆಂಪು."

"ಏನಂದಿ?"

"ಮೆಣಸಿನಕಾಯಿ ಬಣ್ಣ ಇದು. ನಲವತ್ತು ವರ್ಸಾತು ಇದನ್ನ ಕೈಯಾಗ ಹಿಡಿಯಾಕತ್ತೇನಿ, ನನಗ ತಿಳಿಯಾಂಗಿಲ್ಲೇನು? ನಿನ್ನ ಬೀಜ ಹಾಕೂ ಮುಂದ ಒಂದು ಬೊಗಸಿ ಜ್ವಾಳ ತಿರುವಿ ಗಿರಣಿ ತೊಳದಿದ್ದೆ. ಅದು ಸಾಲಿಲ್ಲ ಕಾಣ್ತೈತಿ."

ನಾನು ಗಿರಣಿಯ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ನನ್ನ ಹುಳುಗಳು ಖಾರ ತಿಂದು ಸತ್ತಿದ್ದವು. ಫುಪ್ಪುವಿಗೆ ನಗು ತಡೆಯಲಾಗಲಿಲ್ಲ. ಅಯ್ಯೋ ಪಾಪ ಎನ್ನುತ್ತಲೇ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನನಗೆ ಅಳು ಬಂದಿತ್ತು. ರಾಣೆಬೆನ್ನೂರಿಗೆ ವಾಪಸ್ಸು ಬರುವ ರೈಲಿನಲ್ಲಿ ಮೆಣಸಿನಕಾಯಿ ಘಾಟಿಗೆ ಡಬ್ಬಿಯ ತುಂಬ ಎಲ್ಲರೂ ಸೀನುತ್ತಿದ್ದರು. ಹಾಗಾಗಿ ನನ್ನ ಕಣ್ಣೀರಿಗೆ ಯಾರಿಗೂ ಕಾರಣ ಹೇಳಬೇಕಾಗಲಿಲ್ಲ.

ಸರ್‌ಗೆ ಹೇಳದೆ ವಿಧಿಯಿರಲಿಲ್ಲ. ಎರಡು ದಿನ ತಡಮಾಡಿ ಫೋನ್ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು. "ಹೋಗ್ಲಿ ಬಿಡ್ರಿ. ಹುಳ ಮೆಣಸಿನಕಾಯಿಗೂ ಅಂಜತಾವ ಅಂತ ಗೊತ್ತಾತಲ್ಲ, ಅದನ್ನೂ ಬರದಿಡ್ರಿ. ಹೇಳದ ಇದ್ದಿದ್ರ ಮಾತ್ರ ನಾನು ಸಿಟ್ಟಾಗ್ತಿದ್ದೆ. ಈಗ ಮತ್ತೊಮ್ಮೆ ಸುರು ಮಾಡ್ರಿ, ಈ ಸಲ ಗಿರಣಿ ಬ್ಯಾಡ." ಅಷ್ಟೇ. 

ಉಳಿದ ಬೀಜವನ್ನು ಅಬ್ಬಾ ತಾವೇ ಕುಟ್ಟಿದರು. ಅಂಗಳದಲ್ಲಿ ಹೊಸ ಕಲ್ಲಿನ ಖಲಬತ್ತ ಇಟ್ಟುಕೊಂಡು, ಸಂಜೆಯ ಅಸರ್ ನಮಾಜಿನಿಂದ ಬಂದ ಮೇಲೆ ದಿನಾ ಒಂದೊಂದು ಬಟ್ಟಲು. ಓಣಿಯವರು ಏನು ಕುಟ್ಟುತ್ತೀರಿ ಎಂದು ಕೇಳಿದರೆ "ಮಗಳ ಸಾಲಿ" ಎನ್ನುತ್ತಿದ್ದರು. ಈ ಸಲದ ಸತ್ವ ಮಾಸಲು ಹಳದಿಯಾಗಿತ್ತು, ನೋಡಲು ಏನೇನೂ ಚಂದವಿರಲಿಲ್ಲ. ಹುಳುಗಳನ್ನು ಬಿಟ್ಟು ಗಡಿಯಾರ ನೋಡುತ್ತ ಕುಳಿತೆ. ಚಹಾದ ಹೊತ್ತು ಕಳೆಯಿತು, ಊಟದ ಹೊತ್ತೂ ಕಳೆಯಿತು, ಅವು ಓಡಾಡುತ್ತಲೇ ಇದ್ದವು. ಸಂಜೆಯ ಬಸ್ಸಿಗೆ ಹೊರಡುವ ಮುಂಚೆ ಕೊನೆಯ ಸಲ ನೋಡೋಣವೆಂದು ಬಗ್ಗಿದೆ. ನಿಧಾನವಾಗಿದ್ದವು. ಕುಂಚದಿಂದ ಮುಟ್ಟಿದರೆ ತಲೆ ಮಾತ್ರ ಕೊಂಚ ಎತ್ತಿದವು. ನಾನು ಆ ಬಸ್ಸು ಬಿಟ್ಟೆ. ಮುಂದಿನ ಬಸ್ಸಿನ ಹೊತ್ತಿಗೆ ಒಂದೂ ಅಲುಗಲಿಲ್ಲ, ಬೆಚ್ಚಗಿನ ನೀರಿಗೂ ಜೀವ ಬರಲಿಲ್ಲ. ಬರೀ ಉಪ್ಪುನೀರಿನ ತಟ್ಟೆಯಲ್ಲಿ ಮಾತ್ರ ಎಲ್ಲವೂ ಆರಾಮಾಗಿ ಹೊರಳುತ್ತಿದ್ದವು. ಈ ಸಲ ಪೇಡೆ ತರಲಿಲ್ಲ. ಐದು ಸಲ ಮಾಡಿ ನೋಡಿದ ಮೇಲೆಯೇ ತಂದದ್ದು.

ತಟ್ಟೆಯಲ್ಲಿ ಸತ್ತ ಹುಳು ಹೊಟ್ಟೆಯಲ್ಲಿ ಸಾಯಬೇಕೆಂದಿಲ್ಲ. ಹಾಗಾಗಿ ಬೇಕಾದ ಅನುಮತಿಗಳನ್ನು ಪಡೆದು, ಸರಕಾರಿ ಪಶುವೈದ್ಯರೊಬ್ಬರ ಎದುರಿನಲ್ಲೇ, ಅಜ್ಜಿಯ ಮಗ ಬೇರೆಯಾಗಿ ಮೇಯಿಸುತ್ತಿದ್ದ, ಹುಳು ಬಹಳವಿದ್ದ ಹಿಂಡಿನಲ್ಲಿ ಪರೀಕ್ಷೆ ನಡೆಸಿದೆವು. ಬೆನ್ನಿನ ಮೇಲೆ ನೀಲಿ ಗುರುತಿನ ಕುರಿಗಳಿಗೆ ಬೀಜ, ಕೆಂಪು ಗುರುತಿನವಕ್ಕೆ ಅಂಗಡಿಯ ಔಷಧಿ, ಗುರುತಿಲ್ಲದವಕ್ಕೆ ಸದ್ಯಕ್ಕೆ ಬರೀ ಮಜ್ಜಿಗೆ. ಅಜ್ಜಿ ಗೊಟ್ಟ ಹಿಡಿದರೆ ಕುರಿ ಒಂದು ಹನಿಯನ್ನೂ ಚೆಲ್ಲುತ್ತಿರಲಿಲ್ಲ. ಆಮೇಲಿನ ವಾರಗಳಲ್ಲಿ ನಾನು ಹಿಕ್ಕೆ ಆರಿಸಿ ಡಬ್ಬಿಗಳಲ್ಲಿ ತುಂಬಿಕೊಂಡು, ಬಸ್ಸಿನಲ್ಲಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಹಾವೇರಿಗೆ ಒಯ್ದು, ಸೂಕ್ಷ್ಮದರ್ಶಕದಲ್ಲಿ ತತ್ತಿಗಳನ್ನು ಎಣಿಸಿದೆ.

ನೀಲಿ ಗುರುತಿನ ಕುರಿಗಳಲ್ಲಿ ತತ್ತಿ ಕಡಿಮೆಯಾದವು. ಅದರಲ್ಲಿ ಅನುಮಾನವಿರಲಿಲ್ಲ. ಆದರೆ ಕೆಂಪು ಗುರುತಿನವುಗಳಷ್ಟು ಆಗಲಿಲ್ಲ. ಒಂದು ಕುರಿಗೆ ಭೇದಿಯಾಗಿ, ಎರಡು ದಿನ ಮೇವು ಬಿಟ್ಟಿತು. ವೈದ್ಯರು ನೋಡಿದ ಮೇಲೆ ಚೇತರಿಸಿಕೊಂಡಿತು. ಪ್ರಮಾಣ ಇನ್ನೂ ಇಳಿಸಬೇಕೆಂದು ಬರೆದುಕೊಂಡೆ. ಆದರೂ ಒಂದು ಪ್ರಶ್ನೆ ಕಾಡುತ್ತಿತ್ತು. ಬೀಜದ ಬಲ ಇಷ್ಟೇ ಆದರೆ, ಅಜ್ಜಿಯ ಹಿಂಡಿನಲ್ಲಿ ಹುಳುಗಳು ಅಷ್ಟು ಕಡಿಮೆ ಹೇಗೆ?

ಅದು ತಿಳಿದದ್ದು ಮಳೆಗಾಲದ ಒಂದು ಬೆಳಿಗ್ಗೆ, ಎಂಟೂವರೆ ಸುಮಾರಿಗೆ ಮೇಡ್ಲೇರಿಗೆ ಹೋದಾಗ. ಬೇರೆಯವರ ಕುರಿಗಳೆಲ್ಲ ಹುಲ್ಲಿನಲ್ಲಿದ್ದವು. ಅಜ್ಜಿಯ ಕುರಿಗಳು ಮಾತ್ರ ಹಟ್ಟಿಯಲ್ಲೇ ನಿಂತು ಅರಚುತ್ತಿದ್ದವು.

"ಯಾಕ್ರಿ ಅಜ್ಜಿ, ಇನ್ನೂ ಬಿಟ್ಟಿಲ್ಲ?"

"ಹುಲ್ಲು ಹಸಿ ಐತೆಲ್ಲವಾ. ಬಿಸಲ ಬಿದ್ದು ಇಬ್ಬನಿ ಆರಬೇಕು. ಹಸಿ ಹುಲ್ಲ ತಿಂದ್ರ ರೋಗ ಹೊಟ್ಟ್ಯಾಗ ಹೊಕ್ಕೊಂತೈತಿ ಅಂತ ನಮ್ಮತ್ತಿ ಹೇಳತಿದ್ಲು."

ತತ್ತಿಯೊಡೆದು ಬಂದ ಮರಿಹುಳುಗಳು ಒದ್ದೆ ಹುಲ್ಲಿನ ತುದಿಗೆ ಏರಿ ಕುಳಿತಿರುತ್ತವೆ, ಬಿಸಿಲೇರಿದ ಹಾಗೆ ಬುಡಕ್ಕೆ ಇಳಿಯುತ್ತವೆ. ಇದನ್ನು ನಾನೇ ಹದಿನೈದು ವರ್ಷ ಪಾಠ ಮಾಡಿದ್ದೆ. ಪರೀಕ್ಷೆಯಲ್ಲಿ ಹುಡುಗಿಯರು ಇದರ ಚಿತ್ರ ಬರೆದು ಅಂಕ ತೆಗೆದುಕೊಳ್ಳುತ್ತಿದ್ದರು.

"ಇದನ್ನ ಯಾಕ ಮೊದಲ ಹೇಳಲಿಲ್ಲ?" ಎಂದೆ.

"ನೀ ಏನ್ ಹಾಕ್ತೀರಿ ಅಂತ ಕೇಳಿದಿ, ಹೇಳಿದೆ. ಯಾವಾಗ ಬಿಡ್ತೀರಿ ಅಂತ ಎಲ್ಲಿ ಕೇಳಿದಿ?"

ಪ್ರಬಂಧದಲ್ಲಿ ಎಲ್ಲವನ್ನೂ ಇದ್ದ ಹಾಗೆ ಬರೆದೆ. ಬೀಜದ ಸತ್ವಕ್ಕೆ ಶಕ್ತಿ ಇದೆ, ಅಂಗಡಿಯ ಔಷಧಿಯಷ್ಟಿಲ್ಲ, ಪ್ರಮಾಣ ತಪ್ಪಿದರೆ ಅಪಾಯ, ಮೇಯಿಸುವ ಹೊತ್ತನ್ನು ಬಿಟ್ಟು ಬೀಜವನ್ನಷ್ಟೇ ಲೆಕ್ಕಕ್ಕೆ ಹಿಡಿಯಬಾರದು. ಮೆಣಸಿನಕಾಯಿಯ ಸಂಗತಿಯೂ ಒಂದು ಅಡಿಟಿಪ್ಪಣಿಯಾಗಿ ಉಳಿಯಿತು. ಮೌಖಿಕ ಪರೀಕ್ಷೆಯ ದಿನ ಅಬ್ಬಾ ಇಸ್ತ್ರಿ ಮಾಡಿದ ಬಿಳಿ ಜುಬ್ಬಾ ಹಾಕಿಕೊಂಡು ಧಾರವಾಡಕ್ಕೆ ಬಂದರು. ಹಿಂದಿನ ಬೆಂಚಿನಲ್ಲಿ ಕುಳಿತು ಇಂಗ್ಲಿಷನ್ನೆಲ್ಲ ಗಂಭೀರವಾಗಿ ಕೇಳಿದರು. ಹೊರಗಿನಿಂದ ಬಂದ ಪರೀಕ್ಷಕರು "ಈ ಬೀಜವನ್ನೇ ಯಾಕೆ ಆರಿಸಿದಿರಿ?" ಎಂದು ಕೇಳಿದಾಗ, ಅದನ್ನು ಹಾಕುವ ಅಜ್ಜಿಯ ಹಿಂಡಿನಲ್ಲಿ ಹುಳು ಕಡಿಮೆಯೆಂದು ಮೊದಲು ಗಮನಿಸಿದವರು ನಮ್ಮ ತಂದೆ ಎಂದು ಹೇಳಿ ಅವರ ಕಡೆ ಕೈ ತೋರಿಸಿದೆ. ಎಲ್ಲರೂ ಹಿಂದೆ ತಿರುಗಿದರು. ಅಬ್ಬಾ ಎದ್ದು ನಿಂತು ಸಲಾಂ ಮಾಡಿ ಮತ್ತೆ ಕುಳಿತರು. ಹೊರಗೆ ಬಂದ ಮೇಲೆ ನನಗೆ ಹೇಳಿದ್ದಿಷ್ಟು: "ಆ ಸಾಹೇಬ್ರು ಬಿಳಚಿಕೊಂಡಾರ ಬೇಟಾ. ಕಣ್ಣಿನ ರೆಪ್ಪಿ ಒಮ್ಮೆ ನೋಡಬೇಕಿತ್ತು."

ರಟ್ಟು ಕಟ್ಟಿಸಿದ ಪ್ರತಿಯೊಂದನ್ನು ಅಜ್ಜಿಗೆ ಕೊಡಲು ಇಬ್ಬರೂ ಮೇಡ್ಲೇರಿಗೆ ಹೋದೆವು. ಅಜ್ಜಿ ಕೈ ತೊಳೆದು ಬಂದು ಪುಸ್ತಕ ಇಸಿದುಕೊಂಡರು. ಹುಳುವಿನ ದೊಡ್ಡ ಚಿತ್ರ ನೋಡಿ, "ಇಷ್ಟ ಚಂದ ಐತೇನ ಇದು!" ಎಂದು ಬೆರಗಾದರು. ಆಮೇಲೆ ಕೇಳಿದರು: "ನನ್ನ ಮೊಮ್ಮಗಳಿಗೆ ಹೊಟ್ಟ್ಯಾಗ ಜಂತಹುಳ ಆಗ್ಯಾವು. ಈ ಬೀಜ ಚೂರು ಕೊಡ್ಲೇನು? ನೀನು ಕಲತಾಕಿ, ಹೇಳು."

"ಬ್ಯಾಡ್ರಿ ಅಜ್ಜಿ. ಕೂಸಿಗೆ ಎಷ್ಟು ಕೊಡಬೇಕಂತ ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಜಾಸ್ತಿ ಆದ್ರ ಜೀವಕ್ಕ ಬರ್ತೈತಿ. ಸಾಲ್ಯಾಗ ಗುಳಿಗಿ ಕೊಡ್ತಾರಲ್ಲ, ಅದನ್ನ ನುಂಗಿಸ್ರಿ. ದವಾಖಾನಿ ಆಶಾ ಅಕ್ಕಾರನ್ನ ಕೇಳ್ರಿ."

ಅಜ್ಜಿ ಸ್ವಲ್ಪ ಯೋಚಿಸಿ, "ಗೊತ್ತಿಲ್ಲಂತ ಹೇಳಿದೆಲ್ಲ, ಅದು ಛಲೋ ಆತು. ಹಂಗಾರ ಗುಳಿಗೀನ ಕೊಡಸ್ತೇನಿ" ಎಂದರು. ಸೊಸೆಯನ್ನು ಕರೆದು ಅದನ್ನೇ ಹೇಳಿದರು. ನಮ್ಮನ್ನು ಹಾಗೇ ಬಿಡಲಿಲ್ಲ. ಕಟ್ಟೆಯ ಮೇಲೆ ಕೂರಿಸಿ, ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಗಟ್ಟಿ ಮೊಸರು ಬಡಿಸಿದರು. ಅಬ್ಬಾ ಮೂರನೆಯ ರೊಟ್ಟಿಗೆ ಸಾಕೆಂದು ಕೈ ಅಡ್ಡ ಮಾಡಿದರು. ಅಜ್ಜಿ ಆ ಕೈ ಸರಿಸಿ ನಾಲ್ಕನೆಯದನ್ನೂ ಹಾಕಿದರು. ಹೊಳೆಯ ಕಡೆಯಿಂದ ತಂಪು ಗಾಳಿ ಬೀಸುತ್ತಿತ್ತು. ನಾನು ಪುಂಡಿಪಲ್ಯ ಇನ್ನೊಂದಿಷ್ಟು ಕೇಳಿ ಹಾಕಿಸಿಕೊಂಡೆ.